ಮಳೆಗಾಲದ ಆಟದ ಹಿಟ್ಟು ಮತ್ತು ಅಮ್ಮನ ಸಕ್ಕರೆ ಅಚ್ಚು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದುಕೊಂಡರೆ ಎರಡು ವರ್ಷದ ಮಗುವಿಗೆ ಅಂಗಳ ಇಲ್ಲವಾಗುತ್ತದೆ, ಜಗಲಿಗೂ ಎರಚಲು ಹೊಡೆಯುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಮಗಳಿಗೆ ಎರಡು ವರ್ಷ ಎರಡು ತಿಂಗಳು. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಅವಳಿಗೆ ಬೆಳಗಿನಿಂದ ಸಂಜೆಯವರೆಗೆ ಉಳಿದಿದ್ದ ಜಾಗ ನಡುಮನೆ ಮತ್ತು ಅಡುಗೆಮನೆ ಮಾತ್ರ. ಅವಳ ಕೈಗೆ ಹಿಸುಕಲು, ತಟ್ಟಲು, ಹರಿಯಲು ಏನಾದರೂ ಬೇಕಾಗಿತ್ತು. ಅದಕ್ಕಾಗಿ ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಮನೆಯಲ್ಲೇ ಆಟದ ಹಿಟ್ಟನ್ನು ಮಾಡುತ್ತಾ, ಕೆಡಿಸುತ್ತಾ, ಮತ್ತೆ ಮಾಡುತ್ತಾ ಹೋದ ಕೆಲಸವನ್ನು ಇಲ್ಲಿ ಅಳತೆಗಳೊಂದಿಗೆ ಬರೆದಿಟ್ಟಿದ್ದೇನೆ. ಅದರ ನಡುವೆ ನನ್ನ ಅಮ್ಮನ ಹಳೆಯ ಸಕ್ಕರೆ ಅಚ್ಚೊಂದನ್ನು ದುರಸ್ತಿ ಮಾಡಿದ್ದೂ ಇದರಲ್ಲಿ ಸೇರಿದೆ.

ಮೊದಲ ಹದ: ಮೈದಾ ಮತ್ತು ಉಪ್ಪು

ಅಂಗಡಿಯಲ್ಲಿ ಡಬ್ಬಿಗಳಲ್ಲಿ ಸಿಗುವ ಪ್ಲೇ-ಡೋ ಎಂಬ ಬಣ್ಣದ ಹಿಟ್ಟಿನ ಮೂಲ ಅಮೆರಿಕದ ಸಿನ್ಸಿನಾಟಿಯಲ್ಲಿದೆ. ಕಲ್ಲಿದ್ದಲಿನ ಒಲೆಗಳಿಂದ ಗೋಡೆಯ ಕಾಗದಕ್ಕೆ ಅಂಟುತ್ತಿದ್ದ ಮಸಿಯನ್ನು ಒತ್ತಿ ತೆಗೆಯಲು ಅಲ್ಲಿನ ಕಂಪನಿಯೊಂದು ಮಾಡುತ್ತಿದ್ದ ಕಣಕವೇ 1950ರ ದಶಕದ ನಡುವಿನಲ್ಲಿ, ಕೇ ಜುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿಯ ಸಲಹೆಯಿಂದ ಮಕ್ಕಳ ಆಟದ ವಸ್ತುವಾಯಿತು. ಅದರಲ್ಲಿ ಮುಖ್ಯವಾಗಿ ಇರುವುದು ಗೋಧಿ ಹಿಟ್ಟು, ನೀರು ಮತ್ತು ಉಪ್ಪು. ಮನೆಯಲ್ಲಿ ಮಾಡುವವರೂ ಹೆಚ್ಚಾಗಿ ಇದೇ ಜಾಡಿನಲ್ಲಿ ಮಾಡುತ್ತಾರೆ. ನಾನೂ ಹಾಗೆಯೇ ಆರಂಭಿಸಿದೆ.

ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿದ ಲೆಕ್ಕ ಹೀಗಿತ್ತು: ಮೈದಾ 125 ಗ್ರಾಂ, ಪುಡಿ ಉಪ್ಪು 140 ಗ್ರಾಂ, ನೀರು 240 ಮಿಲಿಲೀಟರ್, ಎಣ್ಣೆ ಒಂದು ದೊಡ್ಡ ಚಮಚ, ನಿಂಬೆರಸ ಎರಡು ದೊಡ್ಡ ಚಮಚ. ಹೊರದೇಶದ ಅಳತೆಗಳಲ್ಲಿ ನಿಂಬೆರಸದ ಜಾಗದಲ್ಲಿ ಕ್ರೀಮ್ ಆಫ್ ಟಾರ್ಟರ್ ಇರುತ್ತದೆ. ಅದು ದ್ರಾಕ್ಷಾಮದ್ಯದ ಪೀಪಾಯಿಗಳ ಒಳಗೆ ಕಟ್ಟಿಕೊಳ್ಳುವ ಹರಳಿನಿಂದ ತೆಗೆಯುವ ಹುಳಿಪುಡಿ. ನಮ್ಮ ಹುಣಸೆಹಣ್ಣಿನ ಹುಳಿಗೂ ಅದೇ ಟಾರ್ಟಾರಿಕ್ ಆಮ್ಲವೇ ಕಾರಣವಾದ್ದರಿಂದ ಹುಣಸೆರಸವನ್ನೇ ಬಳಸಬಹುದಿತ್ತು. ಆದರೆ ಅದು ಹಿಟ್ಟನ್ನೆಲ್ಲ ಕಂದು ಮಾಡುವುದರಿಂದ ನಿಂಬೆಯನ್ನು ಆರಿಸಿಕೊಂಡೆ. ಎಲ್ಲವನ್ನೂ ಒಲೆ ಹಚ್ಚುವ ಮೊದಲೇ ಬಾಣಲೆಯಲ್ಲಿ ಗಂಟಿಲ್ಲದಂತೆ ಕಲಸಿಕೊಂಡು, ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಿದೆ. ಆರು ನಿಮಿಷಕ್ಕೆ ಹಿಟ್ಟು ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಯಿತು. ಬಿಸಿ ಆರುತ್ತಿರುವಾಗಲೇ ನಾದಿದಾಗ ಸಿಕ್ಕ ಹದ ನಿಜವಾಗಿಯೂ ಚೆನ್ನಾಗಿತ್ತು. ಅಂಟದು, ಬಿರಿಯದು, ಒತ್ತಿದ ಬೆರಳಿನ ಗೆರೆಯನ್ನೂ ಹಿಡಿದಿಡುತ್ತದೆ. ಮಗಳು ನಲವತ್ತು ನಿಮಿಷ ಅದರ ಮುಂದೆಯೇ ಕುಳಿತಿದ್ದಳು.

ಆ ನಲವತ್ತು ನಿಮಿಷಗಳಲ್ಲಿ ಅವಳು ಅದನ್ನು ಮೂರು ಸಲ ನೆಕ್ಕಿದಳು. ಮುಖ ಹಿಂಡಿದಳು, ಉಗುಳಿದಳು, ಆದರೂ ಮತ್ತೆ ನೆಕ್ಕಿದಳು. ಉಪ್ಪು ಇರುವುದರಿಂದ ಮಕ್ಕಳು ತಾವಾಗಿಯೇ ಬಾಯಿಗೆ ಹಾಕುವುದನ್ನು ಬಿಡುತ್ತಾರೆ ಎಂಬ ಮಾತನ್ನು ಅನೇಕರು ಹೇಳುತ್ತಾರೆ. ಅದನ್ನು ನಂಬಬಾರದು ಎಂದು ನನಗೆ ಅಂದೇ ತಿಳಿಯಿತು. ರಾತ್ರಿ ಲೆಕ್ಕ ಹಾಕಿದೆ. ಬೆಂದ ಮೇಲೆ ಹಿಟ್ಟಿನ ತೂಕ ಸುಮಾರು 500 ಗ್ರಾಂ ಇತ್ತು, ಅದರಲ್ಲಿ ಉಪ್ಪೇ 140 ಗ್ರಾಂ. ಅಂದರೆ ಬೆಟ್ಟದ ನೆಲ್ಲಿಕಾಯಿ ಗಾತ್ರದ 20 ಗ್ರಾಂ ಉಂಡೆಯೊಂದರಲ್ಲಿ ಐದೂವರೆ ಗ್ರಾಂಗಿಂತ ಹೆಚ್ಚು ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ಇಡೀ ದಿನದಲ್ಲಿ ತಿನ್ನುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಹನ್ನೆರಡು ಕಿಲೋ ತೂಕದ ಮಗು ಅಂಥ ಒಂದು ಉಂಡೆಯನ್ನು ನುಂಗಿಬಿಟ್ಟರೆ ರಕ್ತದಲ್ಲಿ ಸೋಡಿಯಂ ಒಮ್ಮೆಲೇ ಏರುತ್ತದೆ, ಅದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ನಾಯಿ ಸಾಕಿದ ಮನೆಗಳಲ್ಲಿ ಈ ಉಪ್ಪಿನ ಹಿಟ್ಟನ್ನು ನೆಲದ ಮೇಲೆ ಬಿಡುವುದೂ ಅಷ್ಟೇ ಅಪಾಯ. ಮರುದಿನ ಬೆಳಿಗ್ಗೆ ಅದನ್ನು ಡಬ್ಬಿಗೆ ತುಂಬಿ, ಬಾಯಿಗೆ ಹಾಕುವ ವಯಸ್ಸು ದಾಟಿದ ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ. ಆ ವಯಸ್ಸಿಗೆ ಅದು ಒಳ್ಳೆಯ ಹಿಟ್ಟು, ವಾರಗಟ್ಟಲೆ ಕೆಡುವುದೂ ಇಲ್ಲ.

ಚಪಾತಿ ಹಿಟ್ಟನ್ನು ಯಾಕೆ ಬಿಟ್ಟೆ

ನಮ್ಮ ಮನೆಗಳಲ್ಲಿ ಒಲೆಯ ಪಕ್ಕ ಕುಳಿತ ಮಗುವಿನ ಕೈಗೆ ಚಪಾತಿ ಹಿಟ್ಟಿನ ಒಂದು ಉಂಡೆ ಕೊಡುವುದು ಹಳೆಯ ರೂಢಿ. ಅಮ್ಮನೂ ಅದನ್ನೇ ಕೊಟ್ಟರು. ನಾನು ಎರಡು ಕಾರಣಗಳಿಗಾಗಿ ಅದನ್ನು ಮುಂದುವರಿಸಲಿಲ್ಲ. ಮೊದಲನೆಯದು, ಹಿಟ್ಟು ಹಸಿಯಾಗಿರುವುದು. ಗೋಧಿಯನ್ನು ಬೀಸುವಾಗ ಅದರಲ್ಲಿರುವ ರೋಗಾಣುಗಳನ್ನು ಕೊಲ್ಲುವ ಯಾವ ಹಂತವೂ ಇರುವುದಿಲ್ಲ, ಒಲೆಯ ಮೇಲೆ ಬೇಯುವಾಗಲೇ ಅವು ಸಾಯುವುದು. ಹಸಿ ಹಿಟ್ಟಿನ ಆಟದ ಕಣಕವನ್ನು ಮಕ್ಕಳಿಗೆ ಕೊಡಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಎಚ್ಚರಿಸಿದೆ. ಎರಡನೆಯದು ಕೈಗೆ ಸಂಬಂಧಿಸಿದ್ದು. ಚಪಾತಿ ಹಿಟ್ಟಿನಲ್ಲಿ ಗೋಧಿಯ ಅಂಟು ರಬ್ಬರಿನ ಹಾಗೆ ಎಳೆದು ನಿಲ್ಲುತ್ತದೆ. ಮಗು ಕಷ್ಟಪಟ್ಟು ಉದ್ದಕ್ಕೆ ಹೊಸೆದ ಹಾವು ಕೈ ತೆಗೆದ ಕೂಡಲೇ ಅರ್ಧಕ್ಕೆ ಮುದುಡಿಕೊಳ್ಳುತ್ತದೆ, ಒತ್ತಿದ ಕುಳಿ ತುಂಬಿಕೊಳ್ಳುತ್ತದೆ. ತಾನು ಮಾಡಿದ್ದು ಮಾಡಿದ ಹಾಗೆ ನಿಲ್ಲಬೇಕೆಂಬುದು ಎರಡು ವರ್ಷದ ಮಗುವಿಗೂ ಬೇಕು. ಮಗಳು ಎರಡು ಸಲ ಹೊಸೆದು, ಮೂರನೆಯ ಸಲ ಹಿಟ್ಟನ್ನು ಎಸೆದಳು.

ಅಕ್ಕಿ ಹಿಟ್ಟಿಗೆ ಬಂದದ್ದು

ಸೋಮವಾರದ ಮಧ್ಯಾಹ್ನ ಅಮ್ಮ ನನ್ನ ಬಾಣಲೆಯನ್ನು ನೋಡಿ, ‘ಮೈದಾ ಯಾಕೋ ಬೇಕು? ರೊಟ್ಟಿಗೆ ಅಕ್ಕಿ ಹಿಟ್ಟು ಬೇಯಿಸೋದಿಲ್ವಾ, ಅದನ್ನೇ ಬೇಯಿಸಿ ಕೊಡು. ತಿಂದರೆ ತಿನ್ನಲಿ’ ಎಂದರು. ಮುಂದಿನ ಎರಡು ತಿಂಗಳ ಕೆಲಸವೆಲ್ಲ ಈ ಮಾತಿನ ಮೇಲೆಯೇ ನಿಂತಿದೆ.

ಅಕ್ಕಿ ರೊಟ್ಟಿಗೆ ಹಿಟ್ಟು ಬೇಯಿಸುವುದು ಗೊತ್ತಿರುವವರಿಗೆ ಕ್ರಮ ಹೊಸದಲ್ಲ. ನೀರು ಕುದಿಸಿ, ಹಿಟ್ಟನ್ನು ಒಂದೇ ಸಲಕ್ಕೆ ಗುಡ್ಡದಂತೆ ಸುರಿದು, ಸೌಟಿನ ಹಿಡಿಯಿಂದ ನಡುವೆ ಒಂದು ತೂತು ಮಾಡಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಬೇಕು. ಆ ತೂತಿನಿಂದ ಕುದಿಯುವ ನೀರು ಮೇಲೆ ಉಕ್ಕಿ ಬಂದು ಹಿಟ್ಟನ್ನು ನೆನೆಸುತ್ತದೆ. ಆಮೇಲೆ ಇಳಿಸಿ, ಕಲಕಿ, ಇನ್ನೂ ಹತ್ತು ನಿಮಿಷ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ಮೊದಲ ಸಲ ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು ಹಾಕಿದ್ದೆ. ಅದು ಆರಿದ ಕೂಡಲೇ ಅಂಚುಗಳೆಲ್ಲ ಗದ್ದೆಯ ಮಣ್ಣಿನಂತೆ ಬಿರಿದವು. ಅಕ್ಕಿಯಲ್ಲಿ ಗೋಧಿಯ ಅಂಟು ಇಲ್ಲ, ಅಲ್ಲಿ ಹಿಟ್ಟನ್ನು ಹಿಡಿದಿಡುವುದು ಬೆಂದು ಉಬ್ಬಿದ ಪಿಷ್ಟ ಮಾತ್ರ. ಆ ಪಿಷ್ಟಕ್ಕೆ ಸಾಕಷ್ಟು ನೀರು ಸಿಗದಿದ್ದರೆ ಹಿಟ್ಟಿನ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ.

ನಾಲ್ಕನೆಯ ಪ್ರಯತ್ನದಲ್ಲಿ ನಿಂತ ಅಳತೆ ಇದು. ಜರಡಿ ಹಿಡಿದ ನುಣುಪು ಅಕ್ಕಿ ಹಿಟ್ಟು 130 ಗ್ರಾಂ, ಅಂದರೆ ನಮ್ಮ 200 ಮಿಲಿಲೀಟರ್ ಲೋಟಕ್ಕೆ ಒಂದು ಲೋಟ. ನೀರು ಅದೇ ಲೋಟದಲ್ಲಿ ಒಂದೂ ಕಾಲು. ಕೊಬ್ಬರಿ ಎಣ್ಣೆ ಎರಡು ಸಣ್ಣ ಚಮಚ. ಉಪ್ಪು ಕಾಲು ಸಣ್ಣ ಚಮಚ. ಇದರಲ್ಲಿ ಉಪ್ಪು ಒಟ್ಟು ಒಂದೂವರೆ ಗ್ರಾಂನಷ್ಟು ಬರುತ್ತದೆ, 20 ಗ್ರಾಂ ಉಂಡೆಯೊಂದರಲ್ಲಿ ಒಂದು ಗ್ರಾಂನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದೂ ಇಲ್ಲದೆ ಮಾಡಬಹುದು, ಹದ ಬದಲಾಗುವುದಿಲ್ಲ. ನಾದುವುದನ್ನು ಮಾತ್ರ ಐದು ನಿಮಿಷಕ್ಕಿಂತ ಕಡಿಮೆ ಮಾಡಬಾರದು. ಅಂಗೈಗೆ ನೀರು ಮುಟ್ಟಿಸಿಕೊಳ್ಳುತ್ತಾ, ಅಂಗೈಯ ಬುಡದಿಂದ ಒತ್ತಿ ತಳ್ಳುತ್ತಾ ನಾದಿದರೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗುತ್ತದೆ. ಅಕ್ಕಿಯನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಬೀಸಿಸಿದ ಹಿಟ್ಟಾದರೆ ಇನ್ನೂ ಚೆನ್ನ, ಆದರೆ ಜುಲೈ ತಿಂಗಳಲ್ಲಿ ನಮ್ಮಲ್ಲಿ ಅಕ್ಕಿ ಒಣಗಿಸುವ ಮಾತೇ ಇಲ್ಲವಾದ್ದರಿಂದ ಅಂಗಡಿಯ ಹಿಟ್ಟನ್ನೇ ಬಳಸಿದೆ.

ಹದವಾದ ಹಿಟ್ಟನ್ನು ಉಳಿಸಿಕೊಳ್ಳುವುದು ಬೇರೆಯೇ ಸಮಸ್ಯೆಯಾಯಿತು. ಮೊದಲ ದಿನ ಮುಚ್ಚಿ ಹೊರಗಿಟ್ಟದ್ದು ಮರುದಿನ ಸಂಜೆಗೆ ಹುಳಿ ವಾಸನೆ ಬಂತು. ಉಪ್ಪಿನ ಹಿಟ್ಟು ಕೆಡದಿರುವುದು ಉಪ್ಪು ಅದರ ನೀರನ್ನೆಲ್ಲ ಕಟ್ಟಿಹಾಕುವುದರಿಂದ. ಉಪ್ಪನ್ನು ತೆಗೆದರೆ ಆ ಕಾವಲೂ ಹೋಗುತ್ತದೆ. ಇದಲ್ಲದೆ ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಅಕ್ಕಿಯಲ್ಲಿರುತ್ತವೆ, ಬೆಂದ ಅಕ್ಕಿಯನ್ನು ಹೊರಗೆ ಬಿಟ್ಟಷ್ಟೂ ಅವು ಬೆಳೆಯುತ್ತವೆ. ಹಾಗಾಗಿ ಆಟ ಮುಗಿದ ಕೂಡಲೇ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿದೆ. ಅಲ್ಲಿ ಅದು ಕೆಡಲಿಲ್ಲ, ಆದರೆ ತಣ್ಣಗಿನ ಅನ್ನದಂತೆ ಗಟ್ಟಿಯಾಗಿ ಪುಡಿಪುಡಿಯಾಯಿತು. ಬೆಂದ ಪಿಷ್ಟ ತಣ್ಣಗಾಗುವಾಗ ತನ್ನೊಳಗಿನ ನೀರನ್ನು ಬಿಟ್ಟು ಮತ್ತೆ ಬಿಗಿಯಾಗಿ ಜೋಡಿಕೊಳ್ಳುವುದೇ ಇದಕ್ಕೆ ಕಾರಣ, ಬಿಸಿ ಮುಟ್ಟಿಸಿದರೆ ಅದು ಮರಳಿ ಸಡಿಲಗೊಳ್ಳುತ್ತದೆ. ಹಿಟ್ಟನ್ನು ಬಿಲ್ಲೆಗಳಾಗಿ ತಟ್ಟಿ ಇಡ್ಲಿ ಪಾತ್ರೆಯಲ್ಲಿ ಆರು ನಿಮಿಷ ಹಬೆಗಿಟ್ಟು ಮತ್ತೆ ನಾದಿದಾಗ ಹಿಂದಿನ ದಿನದ ಮೆದುತನ ಹೆಚ್ಚುಕಡಿಮೆ ಪೂರ್ತಿ ಮರಳಿತು. ಹೀಗೆ ಒಂದೇ ಸಲ ಮಾಡುತ್ತೇನೆ, ಎರಡನೆಯ ದಿನ ಮುಗಿದ ಮೇಲೆ ಉಳಿದದ್ದು ಗೊಬ್ಬರದ ಗುಂಡಿಗೆ. ಮಳೆಗೆ ಕರೆಂಟು ಹೋಗಿ ಫ್ರಿಜ್ಜು ಗಂಟೆಗಟ್ಟಲೆ ನಿಂತ ದಿನಗಳಲ್ಲಿ ಎರಡನೆಯ ದಿನದ ಆಸೆಯನ್ನೂ ಬಿಟ್ಟು ಅಂದಿನದನ್ನು ಅಂದೇ ಚೆಲ್ಲಿದ್ದೇನೆ.

ಬಣ್ಣಗಳ ಕೆಲಸ

ಈ ಇಡೀ ಕೆಲಸದಲ್ಲಿ ನಾನು ಹೆಚ್ಚು ದಿನ ಕಳೆದದ್ದೂ, ಹೆಚ್ಚು ಕಲಿತದ್ದೂ ಬಣ್ಣದಲ್ಲಿ. ನಿಯಮ ಒಂದೇ ಇಟ್ಟುಕೊಂಡಿದ್ದೆ: ಅಡುಗೆಮನೆಗೆ ಬರುವ ವಸ್ತುವಿನಿಂದಲೇ ಬಣ್ಣ ಬರಬೇಕು. ಕುಂಕುಮ, ರಂಗೋಲಿ ಪುಡಿ, ಹೋಳಿಯ ಬಣ್ಣ ಇವು ಯಾವುವೂ ಬಾಯಿಗೆ ಹೋಗುವ ವಸ್ತುವಿಗೆ ಸಲ್ಲುವುದಿಲ್ಲ.

ಅರಿಶಿನದಲ್ಲಿ ತೊಂದರೆಯಿರಲಿಲ್ಲ. ಒಂದು ಲೋಟ ಹಿಟ್ಟಿಗೆ ಕಾಲು ಸಣ್ಣ ಚಮಚ ಹಾಕಿ ನೀರಿನೊಂದಿಗೇ ಕುದಿಸಿದರೆ ಚೆಂಡುಹೂವಿನ ಹಳದಿ ಬರುತ್ತದೆ. ಬಿಡಿಯಾಗಿ ಮಾರುವ ಅರಿಶಿನ ಪುಡಿಯಲ್ಲಿ ಹೊಳಪಿಗಾಗಿ ಸೀಸದ ಕ್ರೋಮೇಟನ್ನು ಬೆರೆಸುವ ಕೆಟ್ಟ ಕಲಬೆರಕೆ ಇರುವುದರಿಂದ ಕೊಂಬನ್ನು ತಂದು ಮನೆಯಲ್ಲೇ ಕುಟ್ಟಿ ಸೋಸಿಕೊಂಡೆ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಮಾಡುವ ಹಾನಿ ದೊಡ್ಡದು, ಇಲ್ಲಿ ಸೋಮಾರಿತನ ಸಲ್ಲದು. ಮಗಳ ಲಂಗಕ್ಕೆ ಹತ್ತಿದ ಹಳದಿಗೆ ಸೋಪು ಹಚ್ಚಿದಾಗ ಅದು ಕೆಂಪಾಗಿ ಹೆಂಡತಿ ಗಾಬರಿಯಾದಳು. ಆರತಿ ತಟ್ಟೆಯ ನೀರಿಗೆ ಅರಿಶಿನ ಮತ್ತು ಸುಣ್ಣ ಬೆರೆಸಿದಾಗ ಬರುವ ಕೆಂಪು ಇದೇ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಸೋಪೂ ಕ್ಷಾರವೇ. ಚೆನ್ನಾಗಿ ಜಾಲಿಸಿ, ಬಿಸಿಲು ಬಿದ್ದ ಎರಡು ದಿನ ಹೊರಗೆ ಹಾಕಿದಾಗ ಕಲೆ ತಾನಾಗಿಯೇ ಮಾಸಿತು. ಕೆಂಪು ಬರುತ್ತದೆಂದು ಹಿಟ್ಟಿಗೆ ಮಾತ್ರ ಸುಣ್ಣ ಹಾಕಬಾರದು, ಅದು ಕಣ್ಣನ್ನು ಸುಡುತ್ತದೆ.

ಬೀಟ್‌ರೂಟ್ ನನ್ನನ್ನು ಮೂರು ಸಲ ಸೋಲಿಸಿತು. ತುರಿದು ಹಿಂಡಿದ ರಸವನ್ನು ನೀರಿನೊಂದಿಗೆ ಕುದಿಸಿ ಹಿಟ್ಟು ಸುರಿದಾಗ ಗುಲಾಬಿಯ ಬದಲು ಮಾಸಲು ಕಂದು ಬಂತು. ಅದರ ಬಣ್ಣ ಬಿಸಿಯನ್ನು ತಾಳುವುದಿಲ್ಲ. ಆಮೇಲೆ ನೀರನ್ನು ಎರಡು ಚಮಚ ಕಡಿಮೆ ಮಾಡಿ ಹಿಟ್ಟನ್ನು ಬಿಳಿಯಾಗಿಯೇ ಬೇಯಿಸಿ, ಬಿಸಿ ಆರಿದ ಮೇಲೆ ಎರಡು ಚಮಚ ಹಸಿ ರಸವನ್ನು ನಾದಿ ಸೇರಿಸಿದಾಗ ಒಳ್ಳೆಯ ಗುಲಾಬಿ ಸಿಕ್ಕಿತು. ಆದರೆ ಮರುದಿನ ಇಡ್ಲಿ ಪಾತ್ರೆಯ ಹಬೆಗೆ ಅದೂ ಹೋಯಿತು. ಆದ್ದರಿಂದ ಗುಲಾಬಿ ಹಿಟ್ಟನ್ನು ಒಂದೇ ದಿನಕ್ಕೆ ಬೇಕಾದಷ್ಟು ಮಾತ್ರ ಮಾಡುತ್ತೇನೆ. ಮಗು ಬೀಟ್‌ರೂಟ್ ಹಿಟ್ಟನ್ನು ತಿಂದಿದ್ದರೆ ಮರುದಿನ ಮೂತ್ರ ಕೆಂಪಗಿರಬಹುದು, ಹೆದರಬೇಕಿಲ್ಲ.

ಪಾಲಕ್ ಸೊಪ್ಪಿನ ಹಸಿರು ಇನ್ನೂ ವಿಚಿತ್ರವಾಗಿತ್ತು. ರುಬ್ಬಿ ಸೋಸಿದ ರಸ ಕಡುಹಸಿರು, ಹಿಟ್ಟು ಬೆಂದಾಗ ಒಣಗಿದ ಹುಲ್ಲಿನ ಬಣ್ಣ. ಅದೇ ವಾರ ಶಂಖಪುಷ್ಪದ ನೀಲಿ ನೀರಿನಲ್ಲಿ ಬೇಯಿಸಿದ ಹಿಟ್ಟು ನೀಲಿಯಾಗುವ ಬದಲು ನೇರಳೆಯಾಗಿ ನಿಂತಿತು. ಎರಡಕ್ಕೂ ಬೇರೆ ಬೇರೆ ಕಾರಣಗಳನ್ನು ಹುಡುಕುತ್ತಾ ನಾಲ್ಕು ದಿನ ಹೋದವು. ಮೊದಲ ಮೈದಾ ಹದದ ಅಭ್ಯಾಸದಿಂದ ಅಕ್ಕಿ ಹಿಟ್ಟಿಗೂ ನಾನು ಎರಡು ಚಮಚ ನಿಂಬೆರಸ ಹಾಕುತ್ತಲೇ ಇದ್ದೆ, ಅದೇ ಎರಡು ಬಣ್ಣಗಳನ್ನೂ ಕೆಡಿಸುತ್ತಿತ್ತು. ಸೊಪ್ಪಿನ ಹಸಿರಿಗೆ ಹುಳಿ ಮತ್ತು ಬಿಸಿ ಒಟ್ಟಿಗೆ ತಾಗಿದರೆ ಅದರ ಅಣುವಿನ ನಡುವೆ ಕುಳಿತಿರುವ ಮೆಗ್ನೀಷಿಯಂ ಕಳಚಿಕೊಂಡು ಬಣ್ಣ ಮಂಕಾಗುತ್ತದೆ. ಶಂಖಪುಷ್ಪದ ನೀಲಿಯೂ ಹುಳಿ ತಾಗಿದರೆ ನೇರಳೆಗೆ, ಹುಳಿ ಹೆಚ್ಚಾದರೆ ಗುಲಾಬಿಗೆ ತಿರುಗುತ್ತದೆ. ಅಕ್ಕಿ ಹಿಟ್ಟಿಗೆ ನಿಂಬೆ ಬೇಕಾಗಿಯೇ ಇರಲಿಲ್ಲ. ಅದನ್ನು ಬಿಟ್ಟ ದಿನವೇ ನೀಲಿ ನೀಲಿಯಾಗಿ ನಿಂತಿತು.

ನಮ್ಮ ಬೇಲಿಯ ಮೇಲೆ ಹಬ್ಬಿರುವ ಶಂಖಪುಷ್ಪದ ಇಪ್ಪತ್ತು ಹೂಗಳನ್ನು ತೊಟ್ಟು ತೆಗೆದು, ತೊಳೆದು, ಒಂದೂ ಕಾಲು ಲೋಟ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೆ ಸಾಕು. ಅದೇ ನೀರನ್ನು ಮತ್ತೆ ಕುದಿಸಿ ಹಿಟ್ಟು ಸುರಿಯಬಹುದು. ಈ ಬಣ್ಣ ಬೀಟ್‌ರೂಟಿನಂತೆ ಬಿಸಿಗೆ ಹೆದರುವುದಿಲ್ಲ, ಎರಡನೆಯ ದಿನದ ಹಬೆಯನ್ನೂ ತಾಳುತ್ತದೆ. ಮಲೇಷ್ಯಾದ ಕೆಲಾಂತಾನ್ ಕಡೆಯಲ್ಲಿ ಇದೇ ಹೂವಿನಿಂದ ಅನ್ನಕ್ಕೆ ನೀಲಿ ಬಣ್ಣ ಕೊಡುತ್ತಾರೆ. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಈ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಒಪ್ಪಿತು. ಹೂವಿನ ದಳ ಮಾತ್ರ ಸಾಕು. ಬಳ್ಳಿಯ ಬೀಜ ಮತ್ತು ಬೇರು ಭೇದಿ ಮಾಡಿಸುವಂಥವು, ಮಗುವಿನ ಕೈಗೆ ಕಾಯಿ ಸಿಗದಂತೆ ನೋಡಿಕೊಳ್ಳಬೇಕು.

ಪಾಲಕನ್ನು ಅಲ್ಲಿಗೆ ಬಿಟ್ಟೆ. ಹಸಿರು ಬೇಕಾದರೆ ಹಳದಿ ಹಿಟ್ಟಿನ ಒಂದು ಉಂಡೆ, ನೀಲಿಯ ಒಂದು ಉಂಡೆ ಮಗಳ ಕೈಗೆ ಕೊಡುತ್ತೇನೆ. ಅವಳು ಎರಡನ್ನೂ ಸೇರಿಸಿ ಹಿಸುಕುವಾಗ ಮೊದಲು ಪಟ್ಟೆಗಳು, ಆಮೇಲೆ ಚುಕ್ಕೆಗಳು, ಕೊನೆಗೆ ಗಿಳಿಯ ಹಸಿರು ಬರುತ್ತದೆ. ಅದಕ್ಕಿಂತಲೂ ಅವಳಿಗೆ ಇಷ್ಟವಾದದ್ದು ನೀಲಿ ಹಿಟ್ಟಿನ ಮೇಲೆ ನಿಂಬೆ ಹೋಳನ್ನು ಒತ್ತುವುದು. ನನಗೆ ನಾಲ್ಕು ದಿನ ಕಾಡಿದ ಆ ನಿಂಬೆರಸ ಬಿದ್ದಲ್ಲೆಲ್ಲ ಅವಳ ಕಣ್ಣೆದುರೇ ನೇರಳೆ ಹೂಗಳು ಅರಳುತ್ತವೆ. ಹೋಳಿನ ಬೀಜಗಳನ್ನು ಮೊದಲೇ ತೆಗೆದಿರಬೇಕು, ಕಣ್ಣಿಗೆ ಕೈ ಹೋಗುವ ಮೊದಲು ಒರೆಸಲು ಒದ್ದೆ ಬಟ್ಟೆ ಪಕ್ಕದಲ್ಲಿರಬೇಕು.

ಸಕ್ಕರೆ ಅಚ್ಚಿನ ದುರಸ್ತಿ

ಅಮ್ಮನ ತವರು ಮೈಸೂರು ಕಡೆಯದು. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಬೀರುವ ಸಕ್ಕರೆ ಅಚ್ಚುಗಳನ್ನು ಅವರು ಒಂದು ಕಾಲದಲ್ಲಿ ಮನೆಯಲ್ಲೇ ಮಾಡುತ್ತಿದ್ದರು. ಆ ಮರದ ಅಚ್ಚು ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ಎರಡು ಹಲಗೆಗಳು, ಉದ್ದ ಇಪ್ಪತ್ತು ಸೆಂಟಿಮೀಟರ್, ಅಗಲ ಆರು. ಎರಡರಲ್ಲೂ ಗಿಳಿ, ಆನೆ, ತುಳಸಿ ಕಟ್ಟೆ, ಮೀನು, ಹೂವುಗಳ ಅರ್ಧರ್ಧ ಕುಳಿಗಳು. ಎರಡು ಹಲಗೆಗಳನ್ನು ಸರಿಯಾಗಿ ಹೊಂದಿಸುವ ಎರಡು ಮರದ ಕೀಲುಗಳಲ್ಲಿ ಒಂದು ತೂತಿನೊಳಗೇ ಮುರಿದು ನಿಂತಿತ್ತು, ಇನ್ನೊಂದು ಸಡಿಲವಾಗಿ ಉದುರುತ್ತಿತ್ತು. ಒಂದು ಹಲಗೆಯ ತುದಿಯಲ್ಲಿ ಕೂದಲೆಳೆಯಂಥ ಸೀಳು. ಕುಳಿಗಳ ಮೂಲೆಗಳಲ್ಲಿ ಹಳೆಯ ಸಕ್ಕರೆ ಕಪ್ಪಾಗಿ ಕಟ್ಟಿತ್ತು.

ಮೊದಲು ಸಕ್ಕರೆಯನ್ನು ಉಗುರುಬೆಚ್ಚಗಿನ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಕುಳಿಗಳ ಗೆರೆ ಮಾಸದಂತೆ ಚಾಕು ಮುಟ್ಟಿಸಲಿಲ್ಲ, ಮರ ವಾಸನೆ ಹೀರದಂತೆ ಸೋಪು ಹಾಕಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಸುತ್ತಿ ಆರು ದಿನ ಒಣಗಲು ಬಿಟ್ಟೆ. ನೇರವಾಗಿ ಬೆಂಕಿಯ ಹತ್ತಿರ ಇಟ್ಟಿದ್ದರೆ ಸೀಳು ಹಲಗೆಯ ಉದ್ದಕ್ಕೂ ಓಡುತ್ತಿತ್ತು. ಒಣಗಿದ ಮೇಲೆ ಮುರಿದ ಕೀಲನ್ನು 4 ಮಿಲಿಮೀಟರ್ ಬೈರಿಗೆಯಿಂದ ಕೈಯಲ್ಲೇ ತಿರುಗಿಸಿ ಕೊರೆದು ತೆಗೆದೆ. ಹೊಸ ಕೀಲುಗಳಿಗೆ ಚೆನ್ನಾಗಿ ಒಣಗಿದ ಬಿದಿರಿನ ಹೊರಮೈಯನ್ನು ಆರಿಸಿಕೊಂಡು, ತೂತಿಗಿಂತ ಕೂದಲಷ್ಟು ದಪ್ಪವಿರುವಂತೆ ಸವರಿ, ಮರದ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಕೀಲೂ ಹಲಗೆಯೂ ಎರಡೂ ಒಣಗಿರುವಾಗಲೇ ಕೂರಿಸಬೇಕು, ತೊಳೆದಾಗ ಬಿದಿರು ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಕೂರಿಸಿದ ಮೇಲೆ ಇಕ್ಕಳದಿಂದ ಜೋರಾಗಿ ಎಳೆದು ನೋಡಿದೆ. ಕೈಗೆ ಕಳಚಿ ಬರುವ ಕೀಲು ಮಗುವಿನ ಗಂಟಲಿಗೆ ಹೋಗುವ ಕೀಲು.

ಸೀಳಿಗೆ ಅಂಟು ಹಾಕಲಿಲ್ಲ. ಬಿಳಿ ಅಂಟು ನೀರಿಗೆ ಸಡಿಲವಾಗುತ್ತದೆ, ಗಟ್ಟಿ ಅಂಟುಗಳು ತಿನ್ನುವ ವಸ್ತುವಿನ ಪಕ್ಕ ಬೇಡವೆನಿಸಿತು. ಹಲಗೆಯ ತುದಿಯ ಸುತ್ತ ಅರದಿಂದ ಎರಡು ಮಿಲಿಮೀಟರ್ ಆಳದ ಕಚ್ಚು ತೆಗೆದು, ನೂಲಿನ ಹುರಿಯನ್ನು ಒದ್ದೆ ಮಾಡಿ ಹನ್ನೆರಡು ಸುತ್ತು ಬಿಗಿದು, ತುದಿಯನ್ನು ಸುತ್ತುಗಳ ಕೆಳಗೇ ಎಳೆದು ಸಿಕ್ಕಿಸಿದೆ. ಅಂಚುಗಳನ್ನೆಲ್ಲ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಮರುದಿನ ಒಣಬಟ್ಟೆಯಿಂದ ಪೂರ್ತಿ ಒರೆಸಿದೆ. ಎಣ್ಣೆ ಉಳಿದರೆ ಕಮಟು ವಾಸನೆ ಹಿಡಿಯುತ್ತದೆ.

ಪಾಕ ಹುಯ್ಯುವ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಸಿಡುವುದು ಸಕ್ಕರೆ ಅಚ್ಚಿನ ಕ್ರಮ, ಹಾಗೆ ಮಾಡದಿದ್ದರೆ ಸಕ್ಕರೆ ಮರವನ್ನು ಬಿಡುವುದಿಲ್ಲ. ಅಮ್ಮ ಹೇಳಿದಂತೆ ನೆನೆಸಿಯೇ ಮೊದಲ ಸಲ ಹಿಟ್ಟು ತುಂಬಿದೆವು. ಒದ್ದೆ ಮರ ಹಿಟ್ಟಿನ ಮೈಯನ್ನು ಅಂಬಲಿ ಮಾಡಿತು, ಗಿಳಿಯ ಕೊಕ್ಕು ಕುಳಿಯಲ್ಲೇ ಉಳಿಯಿತು. ಹಿಟ್ಟಿಗೆ ಅಚ್ಚು ಒಣಗಿರಬೇಕು. ಒಣ ಅಕ್ಕಿ ಹಿಟ್ಟನ್ನು ಉದುರಿಸಿ, ಹಲಗೆಯನ್ನು ಬೋರಲಾಗಿ ತಟ್ಟಿ, ಕುಳಿಗಿಂತ ಸ್ವಲ್ಪವೇ ಹೆಚ್ಚು ಹಿಟ್ಟು ತುಂಬಿ ಒತ್ತಿದರೆ ತುಳಸಿ ಕಟ್ಟೆಯ ಮೆಟ್ಟಿಲುಗಳೂ ಮೂಡುತ್ತವೆ.

ಮಣೆಯ ಮೇಲೆ

ಆಟದ ಜಾಗಕ್ಕೆ ಚಪಾತಿ ಮಣೆ, ಅದರ ಕೆಳಗೆ ಹಳೆಯ ಪಂಚೆ. ಬಣ್ಣಗಳನ್ನು ಬೇರೆಯಾಗಿಡಲು ಅಡಿಕೆ ಹಾಳೆಯ ತಟ್ಟೆಗಳು ಚೆನ್ನಾಗಿ ಒದಗಿದವು, ಅವು ಜಾರುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಲಟ್ಟಣಿಗೆಯ ಬದಲು ಮಗಳ ಕೈಗೆ ಹೊಂದುವಂತೆ ಒಂದು ಗೇಣು ಉದ್ದದ ಬಿದಿರಿನ ತುಂಡನ್ನು ನುಣುಪು ಮಾಡಿಕೊಟ್ಟೆ. ಚಕ್ಕುಲಿ ಒರಳನ್ನು ತಿರುಗಿಸಲು ಅವಳಿಗೆ ಬಲ ಸಾಲದು. ನಾನು ಒತ್ತುತ್ತೇನೆ, ಕೆಳಗೆ ಇಳಿಯುವ ಎಳೆಗಳನ್ನು ಅವಳು ಹಿಡಿದು ಹರಿಯುತ್ತಾಳೆ.

ಅಲಂಕಾರಕ್ಕೆ ಬೇಳೆ, ಹುಣಸೆ ಬೀಜ, ಮಣಿಗಳನ್ನು ಹಿಟ್ಟಿಗೆ ಚುಚ್ಚಲು ಕೊಡುವುದನ್ನು ಕೆಲವರು ಮಾಡುತ್ತಾರೆ. ಈ ವಯಸ್ಸಿಗೆ ನಾನು ಅದನ್ನು ಒಪ್ಪುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು 31.7 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ, ಅದರೊಳಗೆ ಪೂರ್ತಿ ಹೋಗುವ ವಸ್ತು ಮಗುವಿನ ಗಂಟಲಿಗೂ ಹೋಗಬಹುದೆಂದು ಲೆಕ್ಕ. ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಆದರೆ ಮನೆಯಲ್ಲಿ ಮಾಡಿದ್ದಕ್ಕೆ ನಾವೇ ಪರೀಕ್ಷಕರು. ರಟ್ಟನ್ನು ಸುತ್ತಿ 32 ಮಿಲಿಮೀಟರಿನ ಒಂದು ಕೊಳವೆ ಮಾಡಿಟ್ಟುಕೊಂಡಿದ್ದೇನೆ. ಅಂದಾಜಿಗೆ ಹೇಳುವುದಾದರೆ 27 ಮಿಲಿಮೀಟರಿನ ಹತ್ತು ರೂಪಾಯಿ ನಾಣ್ಯ ಅದರಲ್ಲಿ ಸಲೀಸಾಗಿ ಇಳಿಯುತ್ತದೆ. ಚೆನ್ನೆಮಣೆಯ ಡಬ್ಬಿಯಲ್ಲಿದ್ದ ಗುಲಗಂಜಿಗಳನ್ನಂತೂ ಮನೆಯಿಂದಲೇ ಹೊರಗೆ ಹಾಕಿದೆ. ಅದರ ಸಿಪ್ಪೆಯೊಳಗಿನ ವಿಷ ಕೊಲ್ಲುವಂಥದ್ದು. ಮೆತ್ತಗಿನ ಹಿಟ್ಟಿನ ತುಂಡು ಬಾಯಲ್ಲಿ ಕರಗುತ್ತದೆ, ಆದರೆ ಮಣೆಯ ಕೆಳಗೆ ಉರುಳಿ ಒಣಗಿದ ತುಂಡು ಕಲ್ಲಿನಂತಾಗುತ್ತದೆ. ಆಟ ಮುಗಿದ ಮೇಲೆ ನೆಲ ಗುಡಿಸುವುದು ಇದಕ್ಕಾಗಿ, ಇರುವೆಗಾಗಿಯೂ ಹೌದು.

ಮೊದಲ ಎರಡು ವಾರ ನಾನು ಅವಳ ಪಕ್ಕ ಕುಳಿತು ಆನೆ, ಬಸವ, ಕಾರು ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅವಳು ತನ್ನ ಕೈಯ ಹಿಟ್ಟನ್ನು ನನ್ನತ್ತ ಚಾಚಿ, ‘ಅಪ್ಪ ಮಾಡು’ ಎನ್ನುತ್ತಾ ಕೂರುವುದನ್ನು ಕಲಿತಳು. ಅದನ್ನು ಗಮನಿಸಿದ ಮೇಲೆ ಆಕಾರ ಮಾಡುವುದನ್ನು ಪೂರ್ತಿ ಬಿಟ್ಟು, ಅವಳು ಮಾಡಿದ್ದನ್ನೇ ನಾನೂ ಮಾಡುತ್ತಾ ಹೋದೆ. ಅವಳು ಕುಟ್ಟಿದರೆ ಕುಟ್ಟುವುದು, ಚಿವುಟಿದರೆ ಚಿವುಟುವುದು. ನಾಲ್ಕೈದು ದಿನಗಳಲ್ಲಿ ಅವಳ ಬೆರಳುಗಳು ತಾವಾಗಿಯೇ ಕೆಲಸ ಹುಡುಕಿಕೊಂಡವು. ತುಂಡುಗಳನ್ನು ಸಾಲಾಗಿ ಇಡುವುದು, ಸಾಲಿಗೆಲ್ಲ ತೋರುಬೆರಳಿನಿಂದ ಒಂದೊಂದು ಕುಳಿ ಹಾಕುವುದು, ಮತ್ತೆ ಎಲ್ಲವನ್ನೂ ಒಂದು ಮಾಡುವುದು. ಅಚ್ಚನ್ನು ತುಂಬುವುದು, ಹೊಂದಿಸುವುದು ಅವಳಿಗೆ ಇನ್ನೂ ಬಾರದು. ಹಲಗೆಗಳನ್ನು ಬಿಚ್ಚುವುದೇ ಅವಳ ಪಾಲಿನ ಕೆಲಸ. ಒಳಗೆ ಗಿಳಿ ಇರುತ್ತದೆಂದು ಗೊತ್ತಿದ್ದರೂ ಪ್ರತಿಸಲ ಉಸಿರು ಹಿಡಿದು ತೆರೆಯುತ್ತಾಳೆ, ಅಜ್ಜಿಗೆ ತೋರಿಸುತ್ತಾಳೆ, ಆಮೇಲೆ ಗಿಳಿಯ ತಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಮ್ಮ ಈಗ ಆ ಹಿಟ್ಟಿಗೆ ಒಂದು ಚಿಟಿಕೆ ಏಲಕ್ಕಿ ಪುಡಿಯನ್ನೂ ಸೇರಿಸುತ್ತಿದ್ದಾರೆ.